ದಪ್ಪಕ್ಷರದ ಒಳಗಿನ ಬಿಳುಪು

ಕಳೆದ ವಾರ್ಷಿಕೋತ್ಸವದಂದು ನಮ್ಮ ಶಾಲೆಯ ಹೆಬ್ಬಾಗಿಲಿಗೆ ಕಟ್ಟಿದ್ದ ಬಟ್ಟೆಯ ಫಲಕವನ್ನು ಪೋಷಕರಲ್ಲಿ ಅನೇಕರು ನೋಡಿರಬಹುದು. ದೂರಕ್ಕೆ ಕಾಣಲೆಂದು ಮಕ್ಕಳು ಎರಡು ದಿನ ಕುಳಿತು ಅಕ್ಷರಗಳನ್ನು ಸಾಧ್ಯವಾದಷ್ಟು ದಪ್ಪಗೆ ಬರೆದಿದ್ದರು. ಆದರೆ ಬಸ್ ತಂಗುದಾಣದಿಂದ ನೋಡಿದರೆ ‘ವಾರ್ಷಿಕೋತ್ಸವ’ದ ಒತ್ತಕ್ಷರ ಕರಿಯ ಮುದ್ದೆಯಂತೆ ಕಂಡಿತು. ಕೆಳಗಿನ ಇಂಗ್ಲಿಷ್ ಸಾಲು ಮಾತ್ರ ಸ್ಪಷ್ಟವಾಗಿತ್ತು. “ಕನ್ನಡ ಅಕ್ಷರವೇ ಹಾಗೆ ಸಾರ್, ದೂರಕ್ಕೆ ಕಾಣುವುದಿಲ್ಲ” ಎಂದು ಒಬ್ಬ ಹುಡುಗ ಹೇಳಿದ ಮಾತು ನಮಗೆ ನಾಟಿತು. ಅದು ನಿಜವೇ?

ಪಠ್ಯಪುಸ್ತಕದ ಅಕ್ಷರ ಹತ್ತಿರದಿಂದ ಬಹಳ ಹೊತ್ತು ಓದುವುದಕ್ಕಾಗಿ ಇರುವುದು. ಫಲಕದ ಅಕ್ಷರ ದೂರದಿಂದ ಒಂದೇ ನೋಟಕ್ಕೆ ತಿಳಿಯಬೇಕು. ಈ ಎರಡನೆಯ ಬಗೆಗೆ ಇಟಲಿಯದೊಂದು ಪ್ರಸಿದ್ಧ ಉದಾಹರಣೆಯಿದೆ. ಟ್ಯೂರಿನ್ ನಗರದ ನೆಬಿಯೋಲೊ ಎಂಬ ಅಚ್ಚುಮೊಳೆಯ ಕಾರ್ಖಾನೆಗಾಗಿ 1952ರಲ್ಲಿ ಅಲೆಸ್ಸಾಂಡ್ರೊ ಬುಟ್ಟಿ ಮತ್ತು ಆಲ್ಡೊ ನೊವಾರೆಸೆ ‘ಮೈಕ್ರೋಗ್ರಾಮ’ವನ್ನು ರೂಪಿಸಿದರು. ಅದರಲ್ಲಿದ್ದುದು ದೊಡ್ಡಕ್ಷರಗಳು ಮಾತ್ರ. 1962ರಲ್ಲಿ ನೊವಾರೆಸೆಯವರು ಸಣ್ಣಕ್ಷರಗಳನ್ನೂ ಕೂಡಿಸಿ ‘ಯೂರೋಸ್ಟೈಲ್’ ಎಂಬ ಅಕ್ಷರ ಕುಟುಂಬವನ್ನು ತಂದರು. ಇದರ ‘ಓ’ ದುಂಡಗಿಲ್ಲ. ಮೂಲೆ ಸವೆಸಿದ ಚೌಕ, ಹಳೆಯ ಟೆಲಿವಿಷನ್ನಿನ ಪರದೆಯಂತೆ. ಇದರ ದಪ್ಪ ಮತ್ತು ಅಗಲದ ರೂಪವನ್ನು 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಲನಚಿತ್ರದಲ್ಲಿ ಕಾಣಬಹುದು.

ದಪ್ಪದ ಜೊತೆಗೆ ಅಗಲ ಏಕೆ? ಗೆರೆ ದಪ್ಪವಾದಂತೆ ಅಕ್ಷರದೊಳಗಿನ ಬಿಳಿಯ ಜಾಗ ಕಿರಿದಾಗುತ್ತದೆ. ನಮ್ಮ ಕಣ್ಣು ಕಪ್ಪನ್ನಷ್ಟೇ ಓದುವುದಿಲ್ಲ, ಆ ಬಿಳುಪನ್ನೂ ಓದುತ್ತದೆ. ಆದುದರಿಂದ ಮೈಯನ್ನು ಅಗಲಿಸಿ ಬಿಳುಪನ್ನು ಉಳಿಸಿಕೊಳ್ಳುತ್ತಾರೆ. ಅಗಲಿಸುವುದೆಂದರೆ ರಬ್ಬರಿನಂತೆ ಎಳೆಯುವುದಲ್ಲ. ಎಳೆದರೆ ನಿಂತ ಗೆರೆಗಳು ಊದಿಕೊಳ್ಳುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ. (ಕಂಪ್ಯೂಟರಿನಲ್ಲಿ ನಮ್ಮ ಮಕ್ಕಳು ಮಾಡುವುದು ಇದನ್ನೇ!) ಒಂದೊಂದು ಅಕ್ಷರವನ್ನೂ ಹೊಸದಾಗಿಯೇ ಬರೆಯಬೇಕು.

ಇನ್ನು ನಮ್ಮ ಲಿಪಿ. ಅಗಲಕ್ಕೆ ನಾವು ಬಡವರಲ್ಲ, ಕೊರತೆಯಿರುವುದು ಎತ್ತರಕ್ಕೆ. ಮೇಲೆ ತಲೆಕಟ್ಟು, ಗುಣಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಅಂತಸ್ತಿನ ಮನೆ, ನಮ್ಮದು ಮೂರು ಅಂತಸ್ತು. ಎರಡಕ್ಕೂ ಒಂದೇ ಎತ್ತರದ ಪಟ್ಟಿ ಕೊಟ್ಟರೆ ಸೋಲುವವರು ನಾವೇ. ಮತ್ತೊಂದು ಅಪಾಯವಿದೆ. ‘ದ’ ಮತ್ತು ‘ಧ’ಗಳಿಗೆ ಇರುವ ಭೇದ ಬುಡದ ಒಂದು ಚಿಕ್ಕ ಸೀಳು. ಬಣ್ಣ ತುಂಬಿ ಅದು ಮುಚ್ಚಿತೋ, ‘ಧನಸಹಾಯ’ ‘ದನಸಹಾಯ’ವಾಗುತ್ತದೆ! ಅದಕ್ಕಾಗಿ ಬಲ್ಲವರು ಗೆರೆಗಳು ಕೂಡುವಲ್ಲಿ, ಒತ್ತುಗಳಲ್ಲಿ ದಪ್ಪವನ್ನು ತುಸು ಇಳಿಸುತ್ತಾರೆ.

ಮುಂಬಯಿಯ ಏಕ್ ಟೈಪ್ ಬಳಗದವರು ಭಾರತದ ಹಲವು ಲಿಪಿಗಳಿಗೆ ‘ಬಲೂ’ ಎಂಬ ದಪ್ಪಕ್ಷರಗಳನ್ನು ರೂಪಿಸಿದ್ದಾರೆ. ಕನ್ನಡದ್ದರ ಹೆಸರು ‘ಬಲೂ ತಮ್ಮ’, ಮಲೆಯಾಳದ್ದು ‘ಬಲೂ ಚೇಟ್ಟನ್’. ಅಣ್ಣನೂ ತಮ್ಮನೂ ಒಂದೇ ಫಲಕದಲ್ಲಿ ನಿಲ್ಲಬಹುದಾದ್ದರಿಂದ ನಮ್ಮ ಕಾಸರಗೋಡಿಗೆ ಇದು ಹೇಳಿ ಮಾಡಿಸಿದಂತಿದೆ. ಇದನ್ನು ಯಾರೂ ಹಣ ಕೊಡದೆ ಬಳಸಬಹುದು.

ಈ ವರ್ಷ ಮಕ್ಕಳು ಮೊದಲು ಒಳಗಿನ ಬಿಳುಪನ್ನು ಸೀಸದಕಡ್ಡಿಯಿಂದ ಗುರುತಿಸಿ, ಆಮೇಲೆ ಅದರ ಸುತ್ತ ಬಣ್ಣ ತುಂಬಿದರು. ಒತ್ತಕ್ಷರಕ್ಕೆಂದು ಸಾಲಿನ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟರು. ಈಗ ‘ತ್ಸ’ ತಂಗುದಾಣದಿಂದಲೂ ಕಾಣುತ್ತದೆ. ‘ರ್ಷಿ’ಯ ಅರ್ಕಾವೊತ್ತು ಮಾತ್ರ ಇನ್ನೂ ಸ್ವಲ್ಪ ಇಕ್ಕಟ್ಟು.