ಕೂಡ್ಲಿಗಿಯಿಂದ ಹರಪನಹಳ್ಳಿಗೆ: ಛಾಯಾಚಿತ್ರದ ಒಂದು ಪಾಠ

ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯನ್ನು ಕೂಡ್ಲಿಗಿಯಲ್ಲಿ ಬಿಟ್ಟು, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳನ್ನು ಬಳಸಿ ಹರಪನಹಳ್ಳಿಗೆ ಸಾಗುವ ಹಾದಿಯನ್ನು ಚಿತ್ರಗಳಲ್ಲಿ ಹಿಡಿಯಬೇಕೆನ್ನುವ ವಿದ್ಯಾರ್ಥಿಯು ಮೊದಲು ಬೆಳಕನ್ನು ಗಮನಿಸಬೇಕು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಗುಂಡುಗಲ್ಲುಗಳು ನಡುಹಗಲಿನ ಚಿತ್ರದಲ್ಲಿ ಚಪ್ಪಟೆಯಾಗಿ ತೋರುವುವು. ಸೂರ್ಯನು ತಗ್ಗಿನಲ್ಲಿದ್ದರೆ ನೆರಳು ನೀಳವಾಗಿ ಬಿದ್ದು ಪ್ರತಿಯೊಂದು ಬಿರುಕೂ ಎದ್ದು ಕಾಣುವುದು. ನಾವು ಓದಬೇಕಾದದ್ದು ಆ ಬಿರುಕುಗಳನ್ನೇ. ಅವುಗಳಲ್ಲಿ ನೀರಿಳಿದು ಗ್ರಾನೈಟು ಶಿಥಿಲವಾಗುತ್ತದೆ. ಮೂಲೆಗಳು ಮೂರು ಕಡೆಯಿಂದ ಸವೆಯುವುದರಿಂದ ಚೌಕದ ಬಂಡೆಯು ಕಾಲಕ್ರಮದಲ್ಲಿ ಗುಂಡಾಗುತ್ತದೆ. ದೈತ್ಯರು ಉರುಳಿಸಿದ ಕಲ್ಲುಗಳೆಂಬ ಕಥೆಗಿಂತ ಇದು ಹೆಚ್ಚು ಸೋಜಿಗವೆಂದು ನಮಗೆ ತೋರುತ್ತದೆ.

ಕೊಟ್ಟೂರಿನ ತೇರಿನ ಚಿತ್ರಗಳು ಬೇಕಾದಷ್ಟಿವೆ, ಮುಂದೆ ಸಾಗೋಣ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವು 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು ಸೇರಿತು. ಹಕ್ಕಿಯೊಂದನ್ನೇ ಹತ್ತಿರ ಹಿಡಿದ ಚಿತ್ರವು ಅಂದವಾದರೂ ಕೆರೆಯ ವಿಚಾರವನ್ನು ಹೇಳದು. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ತಿಂಗಳು ತಿಂಗಳೂ ತೆಗೆದ ಸಾಧಾರಣ ಚಿತ್ರಗಳಾದರೋ ನೀರಿನ ಏರಿಳಿತಕ್ಕೂ ಗೂಡುಗಳ ಸಂಖ್ಯೆಗೂ ಇರುವ ನಂಟನ್ನು ತೋರಿಸಬಲ್ಲವು. ಮಳೆ ಕಡಮೆಯಾದ ಈ ಸೀಮೆಯಲ್ಲಿ, ಕೆರೆ ಬತ್ತಿದ ಮೇಲೆ ಅದರ ಹಿಂದಿನ ಸ್ಥಿತಿಗೆ ಸಾಕ್ಷಿ ಹೇಳುವುದು ಅಂಥ ಚಿತ್ರವೇ.

ಹಿರೇಹಡಗಲಿಯಲ್ಲಿಯೂ ಹರಪನಹಳ್ಳಿಯ ಬಳಿಯ ಬಾಗಳಿಯಲ್ಲಿಯೂ ಚಾಳುಕ್ಯರ ಕಾಲದ ದೇಗುಲಗಳುಂಟು. ಇಲ್ಲಿ ಶಿಲೆ ಬೇರೆ: ಬಳಪದ ಕಲ್ಲು. ಇದು ಗ್ರಾನೈಟಿಗಿಂತ ಮೃದು, ಆದಕಾರಣ ಕೆತ್ತನೆ ಅಷ್ಟು ನಯ. ಮಬ್ಬುಗತ್ತಲೆಯ ಮಂಟಪದಲ್ಲಿ ಕ್ಯಾಮರಾದ ಬೆಳಕಿನ ಮಾಪಕವು ಮೋಸಹೋಗುತ್ತದೆ. ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದೆಂದು ಎಣಿಸಿ ಬೆಳಕನ್ನು ಹೆಚ್ಚಾಗಿ ಬಿಡುವುದರಿಂದ ಕಪ್ಪು ಕಂಬವು ಬಿಳಿಚಿಕೊಳ್ಳುತ್ತದೆ. ಬೆಳಕನ್ನು ಒಂದು ಹಂತ ತಗ್ಗಿಸಿ, ಕಂಬದ ಬುಡದಲ್ಲಿ ಒಂದಡಿಯ ಅಳತೆಪಟ್ಟಿಯನ್ನಿಟ್ಟು ಮತ್ತೊಮ್ಮೆ ತೆಗೆಯಿರಿ.