ಕತ್ತಲು ನೋಡಲು ಆರ್‌ವಿ ಪ್ರವಾಸ: ಚೆರ್ರಿ ಸ್ಪ್ರಿಂಗ್ಸ್‌ಗೆ ಹೊರಡುವ ಮುನ್ನ

ನ್ಯೂಜೆರ್ಸಿಯಲ್ಲೋ ಫಿಲಡೆಲ್ಫಿಯಾದಲ್ಲೋ ಇರುವ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮನನ್ನು ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ ಎಂದು ಸುತ್ತಿಸುವುದು ರೂಢಿ. ನಯಾಗರಕ್ಕಿಂತ ಹತ್ತಿರದಲ್ಲೇ ಇನ್ನೊಂದು ಜಾಗವಿದೆ. ಅಲ್ಲಿ ಜಲಪಾತವಿಲ್ಲ, ಗೋಪುರವಿಲ್ಲ. ಜನ ಅಷ್ಟು ದೂರ ಹೋಗುವುದು ಕತ್ತಲಿಗಾಗಿ, ಆ ಕತ್ತಲಲ್ಲಿ ಕಾಣುವ ಆಕಾಶಕ್ಕಾಗಿ.

ಪೆನ್ಸಿಲ್ವೇನಿಯಾ ರಾಜ್ಯದ ಉತ್ತರ ಭಾಗದ ಪಾಟರ್ ಕೌಂಟಿಯಲ್ಲಿ, ಸುಮಾರು 2,300 ಅಡಿ ಎತ್ತರದ ಬೆಟ್ಟದ ನೆತ್ತಿಯ ಮೇಲೆ ಚೆರ್ರಿ ಸ್ಪ್ರಿಂಗ್ಸ್ ಸ್ಟೇಟ್ ಪಾರ್ಕ್ ಇದೆ. ಪಾರ್ಕ್ ಬರೀ 82 ಎಕರೆ. ಅದನ್ನು ಸುತ್ತುವರಿದ ಸಸ್ಕ್ವೆಹಾನಕ್ ಸರ್ಕಾರಿ ಅರಣ್ಯ 2,62,000 ಎಕರೆ. ಹತ್ತಿರದ ಊರುಗಳು ಚಿಕ್ಕವು, ಕಣಿವೆಯಲ್ಲಿ ಕುಳಿತವು, ಹಾಗಾಗಿ ಅವುಗಳ ದೀಪದ ಬೆಳಕು ಬೆಟ್ಟದ ಮೇಲಕ್ಕೆ ಬರುವುದಿಲ್ಲ. 2008ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ‘ಡಾರ್ಕ್ ಸ್ಕೈ ಪಾರ್ಕ್’ ಮನ್ನಣೆ ಸಿಕ್ಕಿತು. ಅಮೆರಿಕದ ಪೂರ್ವ ಭಾಗದಲ್ಲಿ ಇಂಥ ಆಕಾಶ ಉಳಿದಿರುವ ಜಾಗಗಳು ಬಹಳ ಕಡಿಮೆ.

ರಾತ್ರಿ ಹೊತ್ತು ಎಚ್ಚರವಾಗಿದ್ದು, ನಿದ್ದೆ ಬಂದಾಗ ಅಲ್ಲೇ ಮಲಗಬೇಕಾದ ಪ್ರವಾಸ ಇದು. ಟೆಂಟಿನಲ್ಲಿ ನೆಲದ ಮೇಲೆ ಮಲಗಲಾರದ ಹಿರಿಯರಿದ್ದರೆ ಆರ್‌ವಿ, ಅಂದರೆ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಎಲ್ಲವೂ ಇರುವ ವಾಹನ, ಒಳ್ಳೆಯ ಆಯ್ಕೆ. ಆದರೆ ಆರ್‌ವಿ ಎಂದರೆ ದೀಪ, ಜನರೇಟರ್ ಮತ್ತು ಸದ್ದು ಕೂಡ. ಕತ್ತಲು ಕೆಡದಂತೆ ಆರ್‌ವಿಯಲ್ಲಿ ಹೋಗಿ ಬರುವುದು ಹೇಗೆ? ತಯಾರಿಯೆಲ್ಲ ಈ ಪ್ರಶ್ನೆಯಿಂದಲೇ ಶುರುವಾಗಬೇಕು.

ಮೊದಲು ಪಂಚಾಂಗ

ರಜೆ ಯಾವಾಗ ಎಂದು ನೋಡುವ ಮುಂಚೆ ಅಮಾವಾಸ್ಯೆ ಯಾವಾಗ ಎಂದು ನೋಡಿ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಆಕಾಶಗಂಗೆ ಮಸುಕಾಗಿಬಿಡುತ್ತದೆ. ಅಮಾವಾಸ್ಯೆಗೆ ಮುಂಚಿನ ಮೂರು ನಾಲ್ಕು ದಿನ ಚಂದ್ರ ಹುಟ್ಟುವುದು ನಸುಕಿನ ಹೊತ್ತಿಗೆ, ಸಂಜೆಯಿಂದ ನಡುರಾತ್ರಿ ದಾಟುವವರೆಗೂ ಪೂರ್ತಿ ಕತ್ತಲು. ಅಮಾವಾಸ್ಯೆಯ ನಂತರದ ಎರಡು ದಿನ ತೆಳು ಚಂದ್ರ ಬೇಗ ಮುಳುಗುತ್ತಾನೆ, ಆ ದಿನಗಳೂ ಅಡ್ಡಿಯಿಲ್ಲ. ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಊರಿನಿಂದ ತಂದದ್ದಾದರೆ ತಿಥಿ ಭಾರತದ ಸಮಯಕ್ಕೆ ಲೆಕ್ಕ ಹಾಕಿದ್ದು. ಒಂದು ದಿನದ ವ್ಯತ್ಯಾಸ ಇದಕ್ಕೆ ಲೆಕ್ಕಕ್ಕಿಲ್ಲ.

ಜೂನ್, ಜುಲೈನಲ್ಲಿ ಇಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ. ಪೂರ್ತಿ ಕತ್ತಲಾಗುವಾಗ ರಾತ್ರಿ ಸುಮಾರು ಹನ್ನೊಂದು ಗಂಟೆಯಾಗಿರುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಅಷ್ಟು ಹೊತ್ತು ಕಾಯಲಾರರು. ನನ್ನ ಪ್ರಕಾರ ಬೆನಕನ ಅಮಾವಾಸ್ಯೆಯ ಆಸುಪಾಸು, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್, ಎಲ್ಲಕ್ಕಿಂತ ಉತ್ತಮ. ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ದಕ್ಷಿಣದಲ್ಲಿ ಧನು ರಾಶಿಯ ಕಡೆ ಆಕಾಶಗಂಗೆಯ ದಟ್ಟ ಭಾಗ ಕಾಣುತ್ತಿರುತ್ತದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಚಳಿ ಜೋರಾಗುತ್ತದೆ, ಪಿತೃಪಕ್ಷದ ಕಾರ್ಯಗಳಿರುವ ಮನೆಯವರಿಗೆ ಪ್ರವಾಸ ಹೊಂದುವುದೂ ಇಲ್ಲ.

ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಇಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ‘ಸ್ಟಾರ್ ಪಾರ್ಟಿ’ಗಳು ನಡೆಯುತ್ತವೆ. ಅವು ಕಲಿಯುವವರಿಗೆ ಹಬ್ಬ, ನಿಶ್ಶಬ್ದ ಬೇಕೆನ್ನುವವರಿಗೆ ಅಲ್ಲ. ಆ ದಿನಗಳನ್ನು ಬಿಟ್ಟು ವಾರದ ನಡುವಿನ ರಾತ್ರಿಗಳನ್ನು ಆರಿಸಿ. ಮೋಡ ಈ ಭಾಗದಲ್ಲಿ ಸಾಮಾನ್ಯ, ಆದ್ದರಿಂದ ಎರಡು ರಾತ್ರಿಗಿಂತ ಕಡಿಮೆಗೆ ಹೋಗಬೇಡಿ.

ಜಾಗ ಸಿಕ್ಕ ಮೇಲೆ ವಾಹನ

ಹೆಚ್ಚಿನವರು ಮೊದಲು ಆರ್‌ವಿ ಬಾಡಿಗೆಗೆ ಹಿಡಿದು ಆಮೇಲೆ ಜಾಗ ಹುಡುಕುತ್ತಾರೆ. ಇದು ತಲೆಕೆಳಗು. ಪೆನ್ಸಿಲ್ವೇನಿಯಾದ ಸ್ಟೇಟ್ ಪಾರ್ಕುಗಳಲ್ಲಿ ತಂಗುವ ಜಾಗವನ್ನು 11 ತಿಂಗಳ ಮುಂಚೆಯೇ ಕಾದಿರಿಸಬಹುದು. ಚೆರ್ರಿ ಸ್ಪ್ರಿಂಗ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಸುಮಾರು 30 ಜಾಗಗಳಷ್ಟೇ ಇರುವುದರಿಂದ ಅಮಾವಾಸ್ಯೆಯ ವಾರಾಂತ್ಯಗಳು ಬೇಗ ತುಂಬುತ್ತವೆ. ಪ್ರತಿ ಜಾಗಕ್ಕೂ ಎಷ್ಟು ಉದ್ದದ ವಾಹನ ಹಿಡಿಸುತ್ತದೆ ಎಂಬುದನ್ನು ಕಾದಿರಿಸುವಾಗಲೇ ನೋಡಿಕೊಳ್ಳಿ.

ಇವು ಸಾದಾ ಜಾಗಗಳು. ಬೆಂಕಿ ಹಾಕಲು ಕಬ್ಬಿಣದ ಬಳೆ, ಒಂದು ಊಟದ ಮೇಜು. ಸ್ನಾನಗೃಹ ಇಲ್ಲ. ವಾಹನಕ್ಕೆ ಕರೆಂಟು ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಮನೆಯವರಲ್ಲಿ ಯಾರಿಗಾದರೂ ರಾತ್ರಿಯಿಡೀ ಉಸಿರಾಟದ ಯಂತ್ರ ಬೇಕಿದ್ದರೆ ಅಥವಾ ಬಿಸಿನೀರಿನ ಸ್ನಾನ ತಪ್ಪಿಸಲಾಗದಿದ್ದರೆ ಹತ್ತಿರದ ಲೈಮನ್ ರನ್ ಸ್ಟೇಟ್ ಪಾರ್ಕಿನಲ್ಲಿ ಕರೆಂಟಿರುವ ಜಾಗ ಹಿಡಿಯಿರಿ. ಅಲ್ಲಿ 45 ಎಕರೆಯ ಕೆರೆಯೂ ಇದೆ, ಹಗಲು ಕಳೆಯಲು ಚೆನ್ನ. ರಾತ್ರಿ ಮಾತ್ರ ಚೆರ್ರಿ ಸ್ಪ್ರಿಂಗ್ಸ್‌ಗೆ ಬಂದು ಹೋಗಬಹುದು.

ಇನ್ನು ವಾಹನ. ಬಸ್ಸಿನಂಥ ಕ್ಲಾಸ್ ಎ ಬೇಡವೇ ಬೇಡ. ವ್ಯಾನಿನಂಥ ಕ್ಲಾಸ್ ಬಿ ಇಬ್ಬರಿಗೆ ಸಾಕು. ಚಾಲಕನ ತಲೆಯ ಮೇಲೂ ಹಾಸಿಗೆ ಇರುವ ಕ್ಲಾಸ್ ಸಿ, ಅದೂ 25 ಅಡಿಯ ಒಳಗಿನದು, ನಾಲ್ಕು ಜನರ ಸಂಸಾರಕ್ಕೆ ಸರಿ. ಕಾರಿನ ಸಾಮಾನ್ಯ ಲೈಸೆನ್ಸ್ ಸಾಕಾಗುತ್ತದೆ. ಬಾಡಿಗೆಗೆ ಕೊಡುವವರನ್ನು ನಾಲ್ಕು ವಿಷಯ ಕೇಳಿ: ಮೈಲಿಗೆ ಎಷ್ಟು, ಜನರೇಟರ್ ಗಂಟೆಗೆ ಎಷ್ಟು, ಹಾಸಿಗೆ-ಪಾತ್ರೆ ಬಾಡಿಗೆಯಲ್ಲಿ ಸೇರಿದೆಯೇ, ವಿಮೆ ಏನೇನಕ್ಕೆ ಅನ್ವಯಿಸುತ್ತದೆ. ನಿಮ್ಮ ಕಾರಿನ ವಿಮೆ ಬಾಡಿಗೆ ಆರ್‌ವಿಗೆ ಅನ್ವಯಿಸದೇ ಇರಬಹುದು, ವಿಮೆಯವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಇಂಧನಕ್ಕೆ ಗ್ಯಾಲನ್ನಿಗೆ 8ರಿಂದ 10 ಮೈಲಿ ಎಂದೇ ಲೆಕ್ಕ ಹಾಕಿ.

ನೀರು, ಕರೆಂಟು

ಆರ್‌ವಿಯಲ್ಲಿ ಮೂರು ಟ್ಯಾಂಕುಗಳು: ಶುದ್ಧ ನೀರಿನದು, ಸಿಂಕು-ಸ್ನಾನದ ಬಚ್ಚಲ ನೀರಿನದು, ಶೌಚದ್ದು. ಕೊಳಾಯಿ ತಿರುಗಿಸಿದರೆ ನೀರು ಬರುತ್ತದೆ ಎಂಬ ಭರವಸೆಯಲ್ಲಿ ಪಾತ್ರೆ ತೊಳೆದರೆ ಮೊದಲ ಸಂಜೆಗೇ ಟ್ಯಾಂಕು ಖಾಲಿ. ಶೌಚಕ್ಕೆ ನೀರು ಬಳಸುವ ನಮ್ಮ ಅಭ್ಯಾಸದಿಂದ ಮೂರನೆಯ ಟ್ಯಾಂಕು ಬೇಗ ತುಂಬುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಗಲಲ್ಲಿ ಪಾರ್ಕಿನ ಶೌಚಾಲಯ ಬಳಸಿದರೆ ಎರಡು ರಾತ್ರಿ ನಿಭಾಯಿಸಬಹುದು. ಬಚ್ಚಲ ನೀರನ್ನು ನೆಲಕ್ಕೆ ಬಿಡುವುದು ನಿಷಿದ್ಧ. ಹೊರಡುವ ದಿನ ಡಂಪ್ ಸ್ಟೇಷನ್‌ನಲ್ಲಿ ಕೈಗವಸು ಹಾಕಿಕೊಂಡು ಮೊದಲು ಶೌಚದ ಟ್ಯಾಂಕು, ಆಮೇಲೆ ಬಚ್ಚಲಿನದು ಖಾಲಿ ಮಾಡಿ. ಈ ಕ್ರಮದಲ್ಲಿ ಮಾಡಿದರೆ ಎರಡನೆಯದರ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ.

ಕರೆಂಟಿಲ್ಲದ ಜಾಗದಲ್ಲಿ ಬ್ಯಾಟರಿಯಿಂದ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ನಡೆಯುತ್ತವೆ. ಎಸಿ, ಮೈಕ್ರೋವೇವ್, ಮಿಕ್ಸಿಗೆ ಸಾಮಾನ್ಯವಾಗಿ ಜನರೇಟರ್ ಬೇಕು. ಪೆನ್ಸಿಲ್ವೇನಿಯಾದ ಪಾರ್ಕುಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸದ್ದು ಮಾಡುವಂತಿಲ್ಲ. ಜನರೇಟರನ್ನು ಹಗಲಲ್ಲಿ ಒಂದಷ್ಟು ಹೊತ್ತು ನಡೆಸಿ ಬ್ಯಾಟರಿ ತುಂಬಿಸಿಕೊಳ್ಳಿ, ಸಂಜೆಗೆ ಮುಟ್ಟಬೇಡಿ.

ಅಡುಗೆಗೂ ಇದೇ ಮಾತು. ಒಲೆ ಪ್ರೋಪೇನ್ ಗ್ಯಾಸಿನದು, ಚೆನ್ನಾಗಿಯೇ ಉರಿಯುತ್ತದೆ. ಆದರೆ ಮುಚ್ಚಿದ ವಾಹನದೊಳಗೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ. ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ, ಚಟ್ನಿಪುಡಿ, ಚಪಾತಿಯನ್ನು ಮನೆಯಲ್ಲೇ ಮಾಡಿ ತನ್ನಿ. ಅನ್ನವನ್ನು ಕತ್ತಲಾಗುವ ಮುಂಚೆ ಇಟ್ಟುಬಿಡಿ. ಅಷ್ಟು ಮೌನದ ಜಾಗದಲ್ಲಿ ಕುಕ್ಕರಿನ ವಿಸಿಲ್ ನಾಲ್ಕು ಜಾಗ ದಾಟಿ ಕೇಳಿಸುತ್ತದೆ. ಈ ಕಾಡಿನಲ್ಲಿ ಕಪ್ಪು ಕರಡಿಗಳಿವೆ. ಊಟವಾದ ಕೂಡಲೇ ಉಳಿದದ್ದನ್ನೆಲ್ಲ ವಾಹನದೊಳಗಿಟ್ಟು ಬಾಗಿಲು ಹಾಕಿ, ಹೊರಗೆ ಒಂದು ತುಣುಕೂ ಉಳಿಯಬಾರದು. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಅದರೊಂದಿಗೆ ಮರ ಕೊಲ್ಲುವ ಹುಳುಗಳು ಹೊಸ ಕಾಡಿಗೆ ಹೋಗುತ್ತವೆ. ಅಲ್ಲೇ ಕೊಳ್ಳಿ.

ದಾರಿ

ನ್ಯೂಜೆರ್ಸಿಯಿಂದ ಇಂಟರ್‌ಸ್ಟೇಟ್ 80 ಹಿಡಿದು ಪಶ್ಚಿಮಕ್ಕೆ, ವಿಲಿಯಮ್ಸ್‌ಪೋರ್ಟ್ ದಾಟಿ, ಜರ್ಸಿ ಶೋರ್ ಎಂಬ ಊರಿನ ಬಳಿ 44ನೇ ರಸ್ತೆಗೆ ತಿರುಗಬೇಕು. ಕಾರಿಗೆ ಐದು ಗಂಟೆಯ ದಾರಿ ಎಂದರೆ ಆರ್‌ವಿಗೆ ಆರೂವರೆ ಎಂದುಕೊಳ್ಳಿ. ನ್ಯೂಯಾರ್ಕ್ ಸುತ್ತಿನಿಂದ ಬರುವವರು ಎಚ್ಚರ: ಅಲ್ಲಿನ ಪಾರ್ಕ್‌ವೇಗಳ ಸೇತುವೆಗಳು ತಗ್ಗು, ಕೆಲವು ಸುರಂಗಗಳಲ್ಲಿ ಪ್ರೋಪೇನ್‌ಗೆ ನಿರ್ಬಂಧವಿದೆ. ಕಾರಿನ ಮ್ಯಾಪ್ ಇದನ್ನು ಹೇಳುವುದಿಲ್ಲ. ವಾಹನದ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿಕೊಳ್ಳಿ. ಹೊರಟ ಮೇಲೆ ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು, ಕಾಫಿ ಮಾಡಲು ಏಳುವಂತಿಲ್ಲ. ಕಾಡು ಶುರುವಾಗುವ ಮೊದಲೇ ಇಂಧನ ತುಂಬಿಸಿ, ಮ್ಯಾಪ್ ಫೋನಿನಲ್ಲಿ ಉಳಿಸಿಕೊಳ್ಳಿ. ಬೆಟ್ಟದ ಮೇಲೆ ಸಿಗ್ನಲ್ ನಂಬುವಂತಿಲ್ಲ.

ಸೂರ್ಯ ಮುಳುಗುವ ಎರಡು ಗಂಟೆ ಮೊದಲೇ ತಲುಪಿ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ಬರುತ್ತವೆ ಎಂಬುದು ಒಂದು ಕಾರಣ. ಕತ್ತಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಬರುವ ವಾಹನ ಅಲ್ಲಿರುವ ಎಲ್ಲರ ರಾತ್ರಿಯನ್ನೂ ಕೆಡಿಸುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಹಿಂದಕ್ಕೆ ತಿರುಗಿಸಿ ನಿಲ್ಲಿಸುವಾಗ ಒಬ್ಬರು ಇಳಿದು ನಿಂತು ದಾರಿ ತೋರಿಸಲಿ.

ರಾತ್ರಿ

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದೇ ಒಂದು ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ ಶುರು. ಮಂದ ಕೆಂಪು ಬೆಳಕು ಅಷ್ಟು ಬಾಧಿಸುವುದಿಲ್ಲ. ಆದ್ದರಿಂದ ಕೆಂಪು ಟಾರ್ಚ್ ಒಯ್ಯಿರಿ, ಇಲ್ಲವೇ ಇರುವ ಟಾರ್ಚಿಗೆ ಕೆಂಪು ಸೆಲ್ಲೋಫೇನ್ ಎರಡು ಮೂರು ಸುತ್ತು ಸುತ್ತಿ. ಆರ್‌ವಿಯ ಪರದೆಗಳನ್ನೆಲ್ಲ ಎಳೆಯಿರಿ, ಮೆಟ್ಟಿಲ ದೀಪ ಆರಿಸಿ. ರಿಮೋಟಿನಿಂದ ಬಾಗಿಲು ಹಾಕಿದರೆ ದೀಪಗಳು ಮಿನುಗುತ್ತವೆ, ಕೀಲಿಯಿಂದಲೇ ಹಾಕಿ. ಫೋನು ಜೇಬಿನಲ್ಲಿರಲಿ.

ಖಗೋಳ ವೀಕ್ಷಣೆಯ ಮೈದಾನ ದೂರದರ್ಶಕ ತಂದು ರಾತ್ರಿಯಿಡೀ ಇರುವವರಿಗೆ. ಸಂಸಾರ ಸಮೇತ ಬಂದವರು ಸಾರ್ವಜನಿಕ ವೀಕ್ಷಣಾ ಸ್ಥಳಕ್ಕೆ ಹೋಗಬೇಕು. ಕುರ್ಚಿ, ಕಂಬಳಿ, ಸ್ವೆಟರ್, ಅಮ್ಮನಿಗೆ ಟೋಪಿ. ಆಗಸ್ಟಿನಲ್ಲೂ ಬೇಕು.

ಬೆಂಗಳೂರಿನಿಂದ ನೋಡಿದರೆ ಧ್ರುವ ನಕ್ಷತ್ರ ಕ್ಷಿತಿಜದಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ, ಅಲ್ಲಿನ ಕಟ್ಟಡಗಳ ನಡುವೆ ಕಂಡವರೇ ಕಡಿಮೆ. ಇಲ್ಲಿ ಅದು 41 ಡಿಗ್ರಿಗೂ ಮೇಲೆ. ಸಪ್ತರ್ಷಿ ಮಂಡಲ ಇಲ್ಲಿ ಪೂರ್ತಿ ಮುಳುಗುವುದೇ ಇಲ್ಲ. ಮದುವೆಯ ದಿನ ಹಗಲಲ್ಲಿ ಪುರೋಹಿತರು ಬೆರಳು ತೋರಿಸಿದ ಕಡೆ ನೋಡಿ ತಲೆಯಾಡಿಸಿದ್ದ ಅಪ್ಪ ಅಮ್ಮನಿಗೆ ವಸಿಷ್ಠ, ಅರುಂಧತಿ ಇಬ್ಬರನ್ನೂ ಬೇರೆ ಬೇರೆಯಾಗಿ ತೋರಿಸಿ. ಸೆಪ್ಟೆಂಬರ್ ಸಂಜೆಯಲ್ಲಿ ವಾಯವ್ಯಕ್ಕೆ ಮುಖ ಮಾಡಿದರೆ ಸಿಗುತ್ತಾರೆ. ಒಂದು ಸಾದಾ ಬೈನಾಕ್ಯುಲರ್ ಇದ್ದರೆ ಇನ್ನೂ ಸ್ಪಷ್ಟ. ದೂರದರ್ಶಕ ಕೊಳ್ಳುವ ಅಗತ್ಯವಿಲ್ಲ.

ಹೊರಡುವ ಎರಡು ದಿನ ಮೊದಲು ಹವಾಮಾನ ನೋಡಿ. ಎರಡೂ ರಾತ್ರಿ ಮಳೆಯೇ ಎಂದಾದರೆ ಕಾದಿರಿಸಿದ ಜಾಗವನ್ನು ಸುಮ್ಮನೆ ಬಿಟ್ಟುಬಿಡದೆ ಕೂಡಲೇ ರದ್ದು ಮಾಡಿ. ಮೋಡ ಚದುರಬಹುದೆಂದು ಕಾಯಲು ಸಿದ್ಧವಿರುವ ಇನ್ನೊಂದು ಸಂಸಾರಕ್ಕೆ ಅದು ಸಿಗಲಿ.