ಒಡೆಯನೇ ಬಡಿಸಲು ನಿಂತರೆ

ಪ್ರಶ್ನೆ: ನಮ್ಮ ಬೀದಿಯಲ್ಲಿರುವ ಕ್ರೈಸ್ತ ಕುಟುಂಬದವರು ‘ಯೇಸುಸ್ವಾಮಿ ಬೇಗ ಬರುತ್ತಾರೆ, ಸಿದ್ಧವಾಗಿರಬೇಕು’ ಎನ್ನುತ್ತಿರುತ್ತಾರೆ. ಯಾವಾಗ ಎಂದು ಕೇಳಿದರೆ ಅದು ಯಾರಿಗೂ ಗೊತ್ತಿಲ್ಲ ಎನ್ನುತ್ತಾರೆ. ಸಿದ್ಧವಾಗುವುದು ಹೇಗೆ ಎಂದರೆ ‘ತಗ್ಗಿ ನಡೆಯಬೇಕು, ಸೇವೆ ಮಾಡಬೇಕು’ ಎನ್ನುತ್ತಾರೆ. ಈಸ್ಟರಿಗೆ ಮುಂಚಿನ ಗುರುವಾರ ಚರ್ಚಿನಲ್ಲಿ ಪಾದ್ರಿಗಳು ಜನರ ಕಾಲು ತೊಳೆಯುತ್ತಾರೆಂದೂ ಕೇಳಿದ್ದೇನೆ. ಲೋಕದ ಕೊನೆಗೂ ಕಾಲು ತೊಳೆಯುವುದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಕ್ರೈಸ್ತರಲ್ಲದವರು ಅದನ್ನು ನೋಡಲು ಹೋಗಬಹುದೆ?
— ಓದುಗರೊಬ್ಬರು, ಹೊಳೆನರಸೀಪುರ

ಉತ್ತರ: ‘ಯಾವಾಗ’ ಎಂಬುದನ್ನು ಮೊದಲು ಮುಗಿಸಿಬಿಡೋಣ, ಅದರಲ್ಲಿ ಹೇಳುವಂಥದ್ದು ಕಡಿಮೆ. ಆ ದಿನ, ಆ ಗಳಿಗೆ ದೇವದೂತರಿಗೂ ತಿಳಿಯದು, ತನಗೂ ತಿಳಿಯದು ಎಂದು ಯೇಸುವೇ ಹೇಳಿದ್ದು ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಹೀಗಿದ್ದೂ ಲೆಕ್ಕ ಹಾಕಿದವರಿಗೆ ಬರವಿಲ್ಲ. ಅಮೆರಿಕದ ರೈತ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಆಕಾಶ ನೋಡುತ್ತ ಕಾದರು. 23ನೇ ತಾರೀಕು ಎಂದಿನಂತೆ ಬೆಳಗಾಯಿತು. ಅದಕ್ಕೂ ಬಹಳ ಹಿಂದೆ, ಮೊದಲ ಶತಮಾನದಲ್ಲೇ, ಥೆಸಲೋನಿಕದ ಕೆಲವು ಭಕ್ತರು ಕೆಲಸ ಬಿಟ್ಟು ಇತರರ ಮನೆ ಊಟಕ್ಕೆ ಬೀಳುತ್ತಿದ್ದರು. ಸ್ವಾಮಿ ಬರುವುದೇ ಹತ್ತಿರವಾದ ಮೇಲೆ ದುಡಿಯುವುದೇಕೆ ಎಂಬುದು ಅವರ ತರ್ಕವಾಗಿತ್ತೆಂದು ಹಲವು ವ್ಯಾಖ್ಯಾನಕಾರರು ಊಹಿಸುತ್ತಾರೆ. ದುಡಿಯಲು ಒಲ್ಲದವನಿಗೆ ಊಟವೂ ಬೇಡ ಎಂದು ಅಪೊಸ್ತಲ ಪೌಲ ಅವರಿಗೆ ಖಡಕ್ಕಾಗಿ ಬರೆದ. ನಿಮ್ಮ ನೆರೆಯವರು ತಾರೀಕು ಹೇಳದಿರುವುದು ಜಾಣತನದಿಂದ ನುಣುಚಿಕೊಂಡದ್ದಲ್ಲ, ಅವರ ಗ್ರಂಥ ಹೇಳುವುದೇ ಅಷ್ಟು.

‘ಹೇಗೆ’ ಎಂಬ ಪ್ರಶ್ನೆ ಬಂದಾಗಲೇ ನಿಜವಾದ ಸ್ವಾರಸ್ಯ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಒಂದು ಕಥೆ ಇದೆ. ಮದುವೆಗೆ ಹೋದ ಯಜಮಾನ ಯಾವ ಹೊತ್ತಿಗೆ ಮರಳುತ್ತಾನೋ ತಿಳಿಯದು. ನಡುರಾತ್ರಿ ಆದೀತು, ಕೋಳಿ ಕೂಗುವ ಹೊತ್ತೂ ಆದೀತು. ಆಳುಗಳು ನಡುಕಟ್ಟಿಕೊಂಡು, ದೀಪ ಉರಿಸಿಕೊಂಡು, ಬಾಗಿಲು ಬಡಿದ ತಕ್ಷಣ ತೆರೆಯಲು ಎಚ್ಚರವಾಗಿದ್ದಾರೆ. ಇಲ್ಲಿಯ ತನಕ ಯಾರೂ ಊಹಿಸಬಹುದಾದ ಕಥೆ. ಆಮೇಲೆ ಅದು ಇದ್ದಕ್ಕಿದ್ದಂತೆ ತಿರುವು ಪಡೆಯುತ್ತದೆ: ಬಂದ ಯಜಮಾನ ತಾನೇ ನಡುಕಟ್ಟಿಕೊಳ್ಳುತ್ತಾನೆ, ಆಳುಗಳನ್ನು ಊಟಕ್ಕೆ ಕೂರಿಸುತ್ತಾನೆ, ತಾನೇ ಬಡಿಸುತ್ತಾನೆ.

ಅಂದಿನ ಕೇಳುಗರಿಗೆ ಇದು ನಂಬಲಾಗದ ಮಾತು. ಹೊಲದಿಂದ ದಣಿದು ಬಂದ ಆಳಿಗೆ ಯಾವ ಯಜಮಾನನೂ ‘ಬಾ, ಮೊದಲು ನೀನು ಉಣ್ಣು’ ಎನ್ನುವುದಿಲ್ಲ, ‘ಮೊದಲು ನನಗೆ ಬಡಿಸು’ ಎನ್ನುತ್ತಾನೆಂದು ಅದೇ ಲೂಕ 17ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಲೋಕದ ರೂಢಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ 12ರಲ್ಲಿ ಅದನ್ನು ಮಗುಚಿದ್ದಾನೆ. ನಮ್ಮ ಕಡೆಯ ಮದುವೆಯಲ್ಲಿ ಮನೆಯ ಹಿರಿಯರೇ ಪಂಚೆ ಎತ್ತಿ ಕಟ್ಟಿ ಪಂಕ್ತಿಯಲ್ಲಿ ಸಾರು ಬಡಿಸುತ್ತ ಬಂದು, ನಿನ್ನೆಯವರೆಗೆ ಅವರ ಹೊಲದಲ್ಲಿ ದುಡಿದವನ ಎಲೆಯ ಮುಂದೆ ಬಗ್ಗಿದರೆ ಆತನಿಗೆ ತುತ್ತು ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟವೋ, ಹಾಗೆ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, ತಾನು ಸಾಯುವ ಹಿಂದಿನ ರಾತ್ರಿ ಯೇಸು ಸೊಂಟಕ್ಕೆ ಟವಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನಲ್ಲ, ಅಲ್ಲಿ ಶಿಷ್ಯ ಪೇತ್ರನಿಗೆ ಆದದ್ದೂ ಅದೇ ಮುಜುಗರ. ‘ನನ್ನ ಕಾಲನ್ನೇ? ಎಂದಿಗೂ ಕೂಡದು’ ಎಂದು ಅವನು ಹಟ ಹಿಡಿಯುತ್ತಾನೆ.

ನೀವು ಕೇಳಿದ ಸಂಬಂಧ ಇರುವುದು ಇಲ್ಲಿಯೇ. ಮರಳಿ ಬರುವವನೂ ಅಂದು ಟವಲು ಸುತ್ತಿಕೊಂಡವನೂ ಒಬ್ಬನೇ. ಬಂದ ಮೇಲೂ ಅವನು ಅದೇ ಕೆಲಸ ಮಾಡುತ್ತಾನೆಂದು ಲೂಕನ ಕಥೆ ಹೇಳುತ್ತದೆ. ಕ್ರಿಸ್ತನ ದೀನತೆ ಮೂವತ್ತಮೂರು ವರ್ಷದ ವೇಷವಾಗಿತ್ತು, ಎರಡನೇ ಸಲ ಬರುವಾಗ ಅದನ್ನು ಕಳಚಿ ಅರಸನ ಗತ್ತಿನಲ್ಲಿ ಬರುತ್ತಾನೆ ಎಂದುಕೊಂಡವರಿಗೆ ಈ ಭಾಗ ಅರಗದು. ನನ್ನ ಮಟ್ಟಿಗೆ ಸಿದ್ಧತೆ ಎಂದರೆ ಪರೀಕ್ಷೆಗೆ ಓದಿಕೊಳ್ಳುವಂಥ ತಯಾರಿ ಅಲ್ಲ, ಸ್ವರ್ಗಕ್ಕೆ ಮುಂಗಡ ಕಟ್ಟಿಡುವುದೂ ಅಲ್ಲ. ಬಡಿಸುವ ಒಡೆಯ ಬಾಗಿಲಿಗೆ ಬಂದಾಗ ಅವನ ಗುರುತು ಹತ್ತುವುದು ತಾನೂ ಬಡಿಸಿ ಅಭ್ಯಾಸವಿದ್ದವನಿಗೆ. ಬಡಿಸಿಕೊಂಡೇ ಬಂದವನು ಸೌಟು ಹಿಡಿದವನನ್ನು ಅಡುಗೆಯವನೆಂದುಕೊಂಡು ‘ಒಡೆಯನೆಲ್ಲಿ?’ ಎಂದು ಕೇಳಿಯಾನು.

ಲೂಕನ ಅದೇ 12ನೇ ಅಧ್ಯಾಯದಲ್ಲಿ ಸಿದ್ಧನಲ್ಲದ ಆಳಿನ ಚಿತ್ರವೂ ಇದೆ. ಯಜಮಾನ ತಡಮಾಡುತ್ತಾನೆಂದು ತಿಳಿದ ಮೇಸ್ತ್ರಿ ಏನು ಮಾಡುತ್ತಾನೆ? ಪ್ರಾರ್ಥನೆ ಬಿಟ್ಟ, ಉಪವಾಸ ಮುರಿದ ಎಂದೇನೂ ಅಲ್ಲಿಲ್ಲ. ಜೊತೆಯ ಆಳುಗಳನ್ನು, ಹೆಣ್ಣಾಳುಗಳನ್ನು ಹೊಡೆಯತೊಡಗುತ್ತಾನೆ, ತಿಂದು ಕುಡಿದು ಮತ್ತನಾಗುತ್ತಾನೆ. ಹೊತ್ತುಹೊತ್ತಿಗೆ ಅವರಿಗೆ ಊಟ ಅಳೆದುಕೊಡುವುದಷ್ಟೇ ಅವನಿಗೆ ಒಪ್ಪಿಸಿದ್ದ ಕೆಲಸ. ಲೋಕಾಂತ್ಯದ ಬಗ್ಗೆ ಇಷ್ಟು ದೊಡ್ಡ ಮಾತಾಡುವ ಗ್ರಂಥ ಕೊನೆಗೆ ತನಿಖೆ ಮಾಡುವುದು ಕೂಲಿಯವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತೇ ಎಂಬುದನ್ನು! ಮತ್ತಾಯನ 25ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಹಸಿದವನಿಗೆ ಉಣಿಸಿದವರು, ಸೆರೆಯಲ್ಲಿದ್ದವನನ್ನು ನೋಡಿ ಬಂದವರು ತೀರ್ಪಿನ ದಿನ ತಬ್ಬಿಬ್ಬಾಗುತ್ತಾರೆ: ಸ್ವಾಮಿ, ನಿಮಗೆ ಯಾವಾಗ ಉಣಿಸಿದೆವು? ಅವರಿಗೆ ತಾವು ಮಾಡಿದ್ದು ನೆನಪೇ ಇಲ್ಲ. ದೀನತೆಯ ಬಗ್ಗೆ ಇದಕ್ಕಿಂತ ಬಿಗಿಯಾದ ವಿವರಣೆ ನನಗೆ ತಿಳಿಯದು. ತನ್ನ ವಿನಯ ತನಗೆ ಕಾಣತೊಡಗಿದರೆ ಅದು ಆಗಲೇ ಬೇರೇನೋ ಆಗಿರುತ್ತದೆ.

ಈ ಎಚ್ಚರ ಕ್ರೈಸ್ತರ ಸೊತ್ತೇನಲ್ಲ. ನಿಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರಿಗೇ ಗುಳ್ಳಕಾಯಜ್ಜಿಯ ಮೂರ್ತಿ ಇದೆ. ಚಾವುಂಡರಾಯ ತರಿಸಿದ ಕೊಡಗಟ್ಟಲೆ ಹಾಲು ಬಾಹುಬಲಿಯ ಸೊಂಟದ ಕೆಳಗೆ ಇಳಿಯಲಿಲ್ಲವಂತೆ, ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದಿಷ್ಟು ಹಾಲು ಪಾದದವರೆಗೂ ಹರಿಯಿತಂತೆ. ಮಾಡಿಸಿದವನ ಹಮ್ಮು ಮುರಿದ ಮುದುಕಿಯನ್ನು ಅವನ ಕೃತಿಯ ಮುಂದೆಯೇ ನಿಲ್ಲಿಸಿದವರ ಧೈರ್ಯ ದೊಡ್ಡದು. ಕ್ರೈಸ್ತ ಕಥೆ ಬೇರೆಯಾಗುವುದು ಎಲ್ಲಿ ಎಂದರೆ, ಅಲ್ಲಿ ಬಗ್ಗುವವರು ಭಕ್ತರಷ್ಟೇ ಅಲ್ಲ, ದೇವರೂ ಬಗ್ಗುತ್ತಾನೆ.

ಹೇಳುವುದು ಸುಲಭ, ಇದು ನಮ್ಮ ಜಿಲ್ಲೆಯ ನೆಲದಲ್ಲಿ ಹೇಗೆ ನಡೆಯಿತು ಎಂದೂ ನೋಡಬೇಕಲ್ಲ. ಹಾಸನದ ಕ್ರೈಸ್ತರ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಶೆಟ್ಟಿಹಳ್ಳಿಯ ಮುಳುಗುವ ಚರ್ಚು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಏಳುವ ಆ ಗೋಡೆಗಳ ಫೋಟೋ ನೋಡದವರಿಲ್ಲ. ಅದನ್ನು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಟ್ಟಿಸಿದನೆಂದು ಅಲ್ಲಲ್ಲಿ ಹೇಳುವುದುಂಟು, ಅದು ಕೂಡಿಬರದ ಲೆಕ್ಕ. ಚರ್ಚು ಎದ್ದದ್ದು 1860ರ ದಶಕದಲ್ಲಿ, ಫ್ರೆಂಚ್ ಮಿಷನರಿಗಳಿಂದ; ದುಬುವಾ 1823ರಲ್ಲೇ ಇಂಡಿಯಾ ಬಿಟ್ಟು ಹೋಗಿದ್ದ, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಿದ್ದ.

ಆದರೆ ನಿಮ್ಮ ಪ್ರಶ್ನೆಗೆ ದುಬುವಾನೇ ಹೆಚ್ಚು ಪ್ರಸ್ತುತ. 1792ರಲ್ಲಿ ಇಂಡಿಯಾಕ್ಕೆ ಬಂದವನು, ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯಲ್ಲಿ ನೆಲೆನಿಂತ. ಮುಂಡಾಸು ಸುತ್ತಿ, ಇಲ್ಲಿಯವರಂತೆ ಉಟ್ಟು, ಕೈಯಲ್ಲಿ ಬಿದಿರುಕೋಲು ಹಿಡಿದು ತಿರುಗುತ್ತಿದ್ದ ಈತನನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ದಿಕ್ಕೆಟ್ಟ ಕ್ರೈಸ್ತ ಕುಟುಂಬಗಳಿಗೆ ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಬೇಸಾಯದ ಊರು ಕಟ್ಟಿದ. ಸಿಡುಬಿನ ಲಸಿಕೆ ಜಗತ್ತಿಗೇ ಹೊಸತಾಗಿದ್ದ 1803–04ರಲ್ಲಿ ಮೈಸೂರು ಸೀಮೆಯಲ್ಲಿ ಅದನ್ನು ಹಬ್ಬಿಸಲು ದುಡಿದ. ಲಸಿಕೆ ಹಾಕಿಸಿಕೊಂಡವರೆಂದು ಆ ಕಾಲದಲ್ಲಿ ದಾಖಲಾದ ಸಂಖ್ಯೆ 25,432. ಕೇಳಲು ಸೇವಕನ ಆದರ್ಶ ಚಿತ್ರದಂತಿದೆ. ಆದರೆ ಅದೇ ಕೈ ಬರೆದ, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ದೊಡ್ಡ ಪುಸ್ತಕದಲ್ಲಿ ಇಲ್ಲಿಯ ಜನರ ಬಗ್ಗೆ ತಾತ್ಸಾರಕ್ಕೆ ಕೊರತೆಯಿಲ್ಲ. ಅದರ ಬಹುಭಾಗ ಕೋರ್ದೂ ಎಂಬ ಹಳೆಯ ಜೆಸುಯಿಟ್ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿದ್ದು ಎಂದು ಸಂಶೋಧಕಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಉಡುಪಿನಲ್ಲಿ ತಗ್ಗಿದ್ದ, ಲಸಿಕೆ ಹಾಕುವಾಗ ತಗ್ಗಿದ್ದ, ಲೇಖನಿ ಹಿಡಿದಾಗ ಎತ್ತರದ ಪೀಠದಲ್ಲಿ ಕೂತ. ನನಗೆ ಲಸಿಕೆಯ ದುಬುವಾನ ಮೇಲೆ ಗೌರವವಿದೆ, ಪುಸ್ತಕದ ದುಬುವಾನ ಮೇಲೆ ಅಷ್ಟಿಲ್ಲ.

ಸೇವೆಯೇ ಅಧಿಕಾರವಾಗುವ ಈ ಅಪಾಯ ಸುವಾರ್ತೆಗೂ ಗೊತ್ತು. ಆಳುವ ಅರಸರು ‘ಉಪಕಾರಿ’ ಎಂಬ ಬಿರುದು ಹೊತ್ತು ಮೆರೆಯುತ್ತಾರೆ, ನೀವು ಹಾಗಾಗಬೇಡಿ ಎಂಬ ಎಚ್ಚರಿಕೆ ಲೂಕನ 22ನೇ ಅಧ್ಯಾಯದಲ್ಲಿದೆ. ಪೋಪರಿಗೆ ‘ದೇವರ ಸೇವಕರ ಸೇವಕ’ ಎಂಬ ಬಿರುದಿದೆ, ಅದನ್ನು ಆರನೇ ಶತಮಾನದ ಕೊನೆಗೆ ಬಳಕೆಗೆ ತಂದದ್ದು ಒಂದನೇ ಗ್ರೆಗೊರಿ. ಮುಂದೆ ಅದೇ ಬಿರುದಿಟ್ಟುಕೊಂಡು ಅರಸೊತ್ತಿಗೆ ನಡೆಸಿದ ಪೋಪರೂ ಬಂದರು. ಬಿರುದಿಲ್ಲದ ಸೇವೆಯನ್ನು ನೋಡಲು ದೂರ ಹೋಗಬೇಕಿಲ್ಲ. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರು ಕಟ್ಟಿದ ರೆಡ್‌ಫರ್ನ್ ಆಸ್ಪತ್ರೆ ಈಗ ಸಿಎಸ್‌ಐ ಸಭೆಯದು. ಇಂಥ ಆಸ್ಪತ್ರೆಗಳಲ್ಲಿ ಬಿಷಪ್ಪರ ಹೆಸರಿನ ಕಲ್ಲಿಗಿಂತ, ರಾತ್ರಿಪಾಳಿಯಲ್ಲಿ ಯಾರದೋ ಬೆಡ್‌ಪ್ಯಾನ್ ತೊಳೆದು ಹೆಸರಿಲ್ಲದೆ ನಿವೃತ್ತರಾದವರು ಮತ್ತಾಯನ 25ನೇ ಅಧ್ಯಾಯಕ್ಕೆ ಹತ್ತಿರ.

ನಿಮ್ಮ ನೆರೆಯವರನ್ನು ಕೇಳಬೇಕಾದ ಒಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಎತ್ತುತ್ತೇನೆ. ತಗ್ಗಿ ನಡೆಯಿರಿ ಎಂಬ ಉಪದೇಶ ಯಾರಿಗೆ? ತಲೆಮಾರುಗಳಿಂದ ಬಗ್ಗಿಯೇ ಬದುಕಿದವರಿಗೆ, ಊರ ಹೊರಗಿನ ಕೇರಿಯಿಂದ ಸಭೆಗೆ ಬಂದವರಿಗೆ, ‘ದೀನರಾಗಿರಿ, ಕಾದಿರಿ’ ಎಂದರೆ ಅದು ಹಳೆಯ ಜಮೀನ್ದಾರನ ಮಾತಿಗಿಂತ ಹೇಗೆ ಬೇರೆ? ಮೈಸೂರು ಸೀಮೆಯ ಸಭೆಗಳಲ್ಲೂ ಜಾತಿ ಬಾಗಿಲ ಹೊರಗೇ ಉಳಿಯಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಎಂಬ ಚಿಂತನೆ ಮೊದಲಾಯಿತೆನ್ನುತ್ತಾರೆ. ನಿರ್ಮಲ್ ವಾದ ಸರಳ, ಆದರೆ ಚುಚ್ಚುವಂಥದ್ದು: ಸೇವೆ ಮಾಡುವ ದೇವರು ಎಂದರೆ ದಲಿತ ದೇವರು, ಏಕೆಂದರೆ ಈ ನೆಲದಲ್ಲಿ ಸೇವೆಯ ಕೆಲಸಗಳನ್ನೆಲ್ಲ ಹೊರಿಸಿದ್ದು ದಲಿತರ ಮೇಲೆ. ಹಾಗೆ ಓದಿದಾಗ ಯೋಹಾನನ 13ನೇ ಅಧ್ಯಾಯ ಆಳುಗಳಿಗೆ ಹೇಳಿದ ಪಾಠವಾಗಿ ಉಳಿಯುವುದಿಲ್ಲ. ಕೂತಲ್ಲಿಂದ ಏಳಬೇಕಾದವರು ಕೂತವರು. ಆಗಲೇ ನಿಂತಿರುವವರಿಗೆ ಅಲ್ಲಿ ಸಿಗುವುದು ಕೂರುವ ಜಾಗ, ಬಡಿಸಿದ ಎಲೆ. ಉಪವಾಸ ಪ್ರಾರ್ಥನೆಯ ಕೂಟದಲ್ಲಿ ‘ಸೇವಕನಾಗು’ ಎಂದು ಮೈಕಿನಲ್ಲಿ ಬೋಧಿಸುವವರು, ಕೂಟ ಮುಗಿದ ಮೇಲೆ ಜಮಖಾನ ಮಡಚುವವರು ಯಾರೆಂದು ಒಮ್ಮೆ ನೋಡಿದರೆ ಅವರ ಬೋಧನೆ ಅರ್ಧ ಗಂಟೆ ಚಿಕ್ಕದಾದೀತು.

ಇನ್ನು ನೋಡಲು ಹೋಗುವ ವಿಚಾರ. ಧಾರಾಳವಾಗಿ ಹೋಗಬಹುದು. ಹಾಸನ ಜಿಲ್ಲೆಯ ಕಥೋಲಿಕ ಚರ್ಚುಗಳು 1963ರಲ್ಲಿ ಹುಟ್ಟಿದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದವು. ಪವಿತ್ರ ಗುರುವಾರದ ಪೂಜೆ ಸಂಜೆ ಇರುತ್ತದೆ, ಸಮಯವನ್ನು ಆಯಾ ಚರ್ಚಿನಲ್ಲಿ ಕೇಳಿಕೊಳ್ಳಿ. ಪ್ರಬೋಧನೆ ಮುಗಿದ ಬಳಿಕ ಸಾಮಾನ್ಯವಾಗಿ ಹನ್ನೆರಡು ಮಂದಿಯನ್ನು ಮುಂದೆ ಕೂರಿಸಿ ಗುರುಗಳು ನೀರು ಹುಯ್ದು ಕಾಲು ಒರೆಸುತ್ತಾರೆ. ಆಚರಣೆ ಹಳೆಯದಾದರೂ ಅದು ಊರಿನ ಸಾಮಾನ್ಯ ಪೂಜೆಯ ಒಳಗೆ ಬಂದದ್ದು 1955ರ ಸುಧಾರಣೆಯಿಂದ. ಮುಂಚೆ ಗಂಡಸರಿಗಷ್ಟೇ ಎಂಬ ನಿಯಮವಿತ್ತು. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹೆಣ್ಣುಮಕ್ಕಳ ಕಾಲನ್ನೂ ತೊಳೆದರು, ಅವರಲ್ಲಿ ಒಬ್ಬಾಕೆ ಮುಸ್ಲಿಂ. 2016ರಲ್ಲಿ ನಿಯಮವನ್ನೇ ಬದಲಿಸಿದರು. ಆದ್ದರಿಂದ ಹನ್ನೆರಡು ಮಂದಿ ಯಾರೆಂದು ಗಮನಿಸಿ, ಊರಿನ ಪ್ರಮುಖರೋ, ಚರ್ಚಿನ ಅಂಗಳ ಗುಡಿಸುವವರೋ. ಗುರುಗಳ ಪ್ರಬೋಧನೆಗಿಂತ ಹೆಚ್ಚಿನದನ್ನು ಆ ಪಟ್ಟಿ ಹೇಳುತ್ತದೆ.

ಮುಂದೆ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆ ಆದ ಮೇಲೆ ಜನರೆಲ್ಲ ಒಟ್ಟಾಗಿ ಕ್ರಿಸ್ತನ ಮರಣವನ್ನೂ ಪುನರುತ್ಥಾನವನ್ನೂ ಅವನು ಮರಳಿ ಬರುವುದನ್ನೂ ಸಾರುತ್ತಾರೆ. ನಿಮ್ಮ ನೆರೆಯವರು ಹೇಳುವ ಬರೋಣದ ಮಾತು, ಕಾಲು ತೊಳೆದ ಅರ್ಧ ಗಂಟೆಯೊಳಗೆ ನಿಮ್ಮ ಕಿವಿಗೇ ಬೀಳುತ್ತದೆ. ಪರಮಪ್ರಸಾದ ಸ್ವೀಕರಿಸಲು ಸಾಲು ಹೊರಟಾಗ ನೀವು ಕೂತಲ್ಲೇ ಇರಿ, ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮಾತ್ರ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಿದ್ದರೆ ಮೊದಲೇ ಕೇಳಿ. ನಿಮ್ಮ ನೆರೆಯವರು ಕಥೋಲಿಕರಲ್ಲದೆ ಬೇರೆ ಸಭೆಯವರಾದರೆ ಅವರಲ್ಲಿ ಈ ಆಚರಣೆ ಇದೆಯೇ ಎಂದು ಅವರನ್ನೇ ವಿಚಾರಿಸಿ, ಎಲ್ಲ ಸಭೆಗಳಲ್ಲೂ ಇರುವುದಿಲ್ಲ.